ಗೆರೆ ಇಲ್ಲದ ಲೋಟ

ನಮ್ಮ ಮನೆಯಲ್ಲಿ ಎರಡು ಸೀಮೆ ಹಸುಗಳಿವೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನಮ್ಮತ್ತೆ ಹಾಲು ಕರೆದು ಕ್ಯಾನಿಗೆ ಸುರಿದುಕೊಟ್ಟರೆ ನಮ್ಮನೆಯವರೋ ನಾನೋ ಊರ್ಡಿಗೆರೆಯ ಡೈರಿಗೆ ಹಾಕಿ ಬರುತ್ತೇವೆ. ಬಟವಾಡೆ ಆದ ದಿನ ಆ ದುಡ್ಡಿನಲ್ಲಿ ಮೊದಲು ಬೂಸಾ, ಹಿಂಡಿ ತರಬೇಕು. ಅದು ಹಸು ಕಟ್ಟಿದ ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲಿ ಮಾತ್ರ ಒಂದು ವರ್ಷ ಕಾಲ ಇನ್ನೊಂದು ಖರ್ಚಿತ್ತು. ಹಾಲು ಹಾಕಿ ಬಂದ ದುಡ್ಡು ತೆಗೆದುಕೊಂಡು ಹೋಗಿ ತುಮಕೂರಿನ ಮೆಡಿಕಲ್ ಶಾಪಿನಲ್ಲಿ ಹಾಲಿನ ಪುಡಿಯ ಡಬ್ಬ ತರುತ್ತಿದ್ದೆ.

"ಕೊಟ್ಟಿಗೇಲಿ ಹಾಲಿಟ್ಕಂಡು ಡಬ್ಬದ್ ಪುಡಿ ಕಲ್ಸಿ ಕುಡ್ಸೋದ ನಾನು ಎಲ್ಲೂ ನೋಡಿಲ್ಲ ಕಣವ್ವ," ಅಂತ ನಮ್ಮನೆಯವರ ಅಜ್ಜಿ ಜಗಲಿ ಮೇಲೆ ಕೂತು ಹೇಳೋರು. ಅವರು ಬೈದದ್ದಲ್ಲ, ಅವರಿಗೆ ನಿಜವಾಗಿ ಆಶ್ಚರ್ಯ. ಆದರೆ ಆಗ ತಾನೇ ತಾಯಿಯಾದವಳ ಕಿವಿಗೆ ಎಲ್ಲ ಮಾತೂ ಬೈಗುಳದ ಹಾಗೇ ಕೇಳಿಸುತ್ತದೆ.

ನಮ್ಮ ಪುಟ್ಟಿ ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ಮೂವತ್ತನಾಲ್ಕನೇ ವಾರ, ಒಂದು ಕೆ.ಜಿ. ಒಂಬೈನೂರು ಗ್ರಾಂ. ತುಮಕೂರಿನ ಆಸ್ಪತ್ರೆಯೊಂದರ ಎನ್‌ಐಸಿಯುನಲ್ಲಿ ಹನ್ನೊಂದು ದಿನ ಇಟ್ಟುಕೊಂಡಿದ್ದರು. ನನ್ನ ಹಾಲನ್ನು ಹಿಂಡಿ ಪುಟ್ಟ ಡಬ್ಬಿಯಲ್ಲಿ ಕೊಟ್ಟರೆ ಸಿಸ್ಟರ್ ಅದನ್ನು ಒಂದು ಸ್ಟೀಲಿನ ಚೂಪು ಬಾಯಿಯ ಬಟ್ಟಲಿಗೆ ಹಾಕಿ, ಮಗುವನ್ನು ಅರ್ಧ ಎತ್ತಿ ಹಿಡಿದು, ತುಟಿಗೆ ತಾಗಿಸಿ ತೊಟ್ಟು ತೊಟ್ಟಾಗಿ ಕುಡಿಸೋರು. ಗಾಜಿನ ಆಚೆ ನಿಂತು ನೋಡುತ್ತಿದ್ದ ಅಜ್ಜಿ, "ಅಯ್ಯೋ, ಅದು ನಮ್ ಒಳಲೆ ಕಣೇ!" ಅಂದರು. ಊರಿಗೆ ಹೋದವರೇ ಪೆಟ್ಟಿಗೆಯಿಂದ ತಮ್ಮ ಹಳೇ ಒಳಲೆ ತೆಗೆದು, ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದ್ದರು. ನಮ್ಮ ಮಾವ, ನಮ್ಮನೆಯವರು, ಎಲ್ಲರೂ ಅದರಲ್ಲೇ ಕುಡಿದು ಬೆಳೆದವರಂತೆ.

ಮನೆಗೆ ಕಳಿಸುವಾಗ ಸಿಸ್ಟರ್ ಎರಡು ಸಲ ಹೇಳಿದ್ದರು, "ಬಾಟಲಿ ಅಭ್ಯಾಸ ಮಾಡಬೇಡಿ. ಸರಿಯಾಗಿ ತೊಳೆಯದಿದ್ದರೆ ಭೇದಿ ಆಗುತ್ತೆ, ಆಮೇಲೆ ಬಿಡಿಸೋದೂ ಕಷ್ಟ." ನಾನು ತಲೆ ಆಡಿಸಿದ್ದೆ. ಆದರೆ ನನಗೆ ಹಾಲು ಸಾಲಲಿಲ್ಲ. ಡಾಕ್ಟರು ಪುಡಿ ಹಾಲು ಬರೆದುಕೊಟ್ಟರು. ಎರಡು ಗಂಟೆಗೊಮ್ಮೆ ಒಳಲೆಯಲ್ಲಿ ಕುಡಿಸಲು ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಅರ್ಧ ಕುತ್ತಿಗೆ ಮೇಲೆ ಸುರಿದಿರುತ್ತಿತ್ತು. ಎಷ್ಟು ಒಳಗೆ ಹೋಯಿತು, ಎಷ್ಟು ಬಟ್ಟೆಗೆ ಹೋಯಿತು ಅನ್ನುವ ಲೆಕ್ಕವೇ ಸಿಗುತ್ತಿರಲಿಲ್ಲ. ಇಪ್ಪತ್ತೊಂದನೇ ದಿನವೋ ಇಪ್ಪತ್ತೆರಡನೇ ದಿನವೋ, ನಮ್ಮನೆಯವರನ್ನು ಕಳಿಸಿ ಬಾಟಲಿ ತರಿಸಿಬಿಟ್ಟೆ.

ಬಾಟಲಿಯ ಮೇಲೆ ಗೆರೆಗಳಿದ್ದವು. ಮೂವತ್ತು, ಅರವತ್ತು, ತೊಂಬತ್ತು. ಪುಡಿ ಡಬ್ಬದಲ್ಲೂ ಲೆಕ್ಕವಿತ್ತು. ಕುದಿಸಿ ಆರಿಸಿದ ಮೂವತ್ತು ಎಂಎಲ್ ನೀರಿಗೆ ಒಂದು ಚಮಚ, ತುಂಬಿ ತುಳುಕದ ಹಾಗೆ ಮಟ್ಟಸವಾಗಿ. ನಾನು ತುಮಕೂರಿನಲ್ಲಿ ಒಬ್ಬ ಆಡಿಟರ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಒಂದು ನೋಟ್‌ಬುಕ್ ತಂದು ಗೆರೆ ಎಳೆದೆ. ಟೈಮು, ಎಂಎಲ್, ಕಕ್ಕ, ಸುಸ್ಸು. ಮಗು ಎಷ್ಟು ಕುಡಿಯಿತು ಅಂತ ಯಾರು ಕೇಳಿದರೂ ನನ್ನ ಹತ್ತಿರ ಉತ್ತರ ಇತ್ತು. ಹಾಲು ಸಾಲದ ತಾಯಿ ಅನ್ನುವ ಸಂಕಟಕ್ಕೆ ಆ ನೋಟ್‌ಬುಕ್ಕೇ ನನಗೆ ಔಷಧಿ ಆಯಿತು.

ಆ ಪುಡಿ ಡಬ್ಬ ನೋಡಿದವರಿಗೆ ಗೊತ್ತಿರುತ್ತದೆ, ಅದರ ಮೇಲೆ ಮಗುವಿನ ಚಿತ್ರ ಇರುವುದಿಲ್ಲ. ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ನಮ್ಮ ದೇಶದಲ್ಲಿ 1992ರಲ್ಲೇ ಇದಕ್ಕೆ ಕಾಯ್ದೆ ಬಂದಿದೆ. ಪುಡಿ ಹಾಲಿಗಾಗಲಿ, ಹಾಲಿನ ಬಾಟಲಿಗಾಗಲಿ ಜಾಹೀರಾತು ಕೊಡುವ ಹಾಗಿಲ್ಲ. ಒಳ್ಳೆಯ ಕಾಯ್ದೆಯೇ. ಆದರೆ ರಾತ್ರಿ ಎರಡು ಗಂಟೆಗೆ, ನಿದ್ದೆ ಇಲ್ಲದ ಕಣ್ಣಲ್ಲಿ, ಚಮಚ ಎಣಿಸುತ್ತಾ ಆ ಸಾಲು ಓದುವಾಗ ಅದು ನನ್ನೊಬ್ಬಳಿಗೇ ಬರೆದ ಹಾಗೆ ಕಾಣುತ್ತಿತ್ತು.

ಏಳು ತಿಂಗಳಿಗೆ ನಾನು ಮತ್ತೆ ಕೆಲಸಕ್ಕೆ ಸೇರಿದೆ. ಬಾಟಲಿ ಇದ್ದದ್ದರಿಂದಲೇ ಅದು ಸಾಧ್ಯವಾಯಿತು. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಬಾಟಲಿ ಕುದಿಸಿಟ್ಟು, ಪುಡಿ ಅಳೆದಿಟ್ಟು ಹೋಗುತ್ತಿದ್ದೆ. ಅತ್ತೆ ಕಲಸಿ ಕುಡಿಸೋರು. ಸಂಜೆ ಬಂದು, "ಎಷ್ಟು ಕುಡಿದಳು ಅತ್ತೆ?" ಅಂದರೆ ಅವರು ಬಾಟಲಿಗಳನ್ನು ತೋರಿಸೋರು. ಅವರಿಗೆ ಬರೆಯಲು ಬರುವುದಿಲ್ಲ, ಬಾಟಲಿಯ ಗೆರೆ ತೋರಿಸಲು ಬರುತ್ತದೆ. ನಾನು ಕೈ ಕಾಲು ತೊಳೆಯುವ ಮೊದಲೇ ನೋಟ್‌ಬುಕ್ ತೆಗೆಯುತ್ತಿದ್ದೆ.

ಪುಟ್ಟಿಗೆ ವರ್ಷ ತುಂಬುತ್ತಾ ಬಂದಾಗ ಡಾಕ್ಟರಮ್ಮ, ಇನ್ನು ಪುಡಿ ನಿಲ್ಲಿಸಿ ಹಸುವಿನ ಹಾಲು ಕೊಡಬಹುದು ಅಂದರು. ವರ್ಷಕ್ಕೆ ಮೊದಲು ಯಾಕೆ ಬೇಡ ಅಂತ ಅಜ್ಜಿಗೆ ವಿವರಿಸಲು ನಾನೇ ಕೇಳಿ ತಿಳಿದುಕೊಂಡಿದ್ದೆ. ಹಸುವಿನ ಹಾಲಿನಲ್ಲಿ ಪ್ರೋಟೀನು, ಉಪ್ಪಿನಂಶ ಎಳೆ ಮಗುವಿನ ಮೂತ್ರಪಿಂಡಕ್ಕೆ ಭಾರವಾಗುವಷ್ಟು ಇರುತ್ತದೆ, ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಕೆಲವು ಮಕ್ಕಳಿಗೆ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವೂ ಒಸರಬಹುದು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ನಾವೆಲ್ಲ ನೀರ್ ಬೆರ್ಸಿ ಕೊಡ್ತಿದ್ವಿ, ಬದ್ಕಿದ್ವಿ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬದುಕ್ದಿದ್ದೋವೂ ಇದ್ವು," ಅಂತ ತಾವೇ ಸೇರಿಸಿದರು. ಅವರ ಒಂಬತ್ತು ಹೆರಿಗೆಯಲ್ಲಿ ಉಳಿದದ್ದು ಐದು.

ಪುಡಿಯಿಂದ ಹಾಲಿಗೆ ದಾಟುವುದು ಸುಲಭವಾಗಿಯೇ ಆಯಿತು. ಮೊದಲ ಎರಡು ದಿನ ಒಂದು ಹೊತ್ತಿನ ಪುಡಿಯ ಬದಲು ಹಸುವಿನ ಹಾಲು, ಆಮೇಲೆ ಎರಡು ಹೊತ್ತು, ಹೀಗೆ ಹತ್ತು ದಿನದಲ್ಲಿ ಡಬ್ಬ ಖಾಲಿ. ಕಾಯಿಸಿ ಆರಿಸಿದ ಗಟ್ಟಿ ಹಾಲು, ನೀರಿಲ್ಲ, ಸಕ್ಕರೆ ಇಲ್ಲ. ಪುಟ್ಟಿ ಮುಖ ಸಿಂಡರಿಸಲೂ ಇಲ್ಲ. ಬಾಟಲಿ ಅದೇ, ನಿಪ್ಪಲ್ ಅದೇ, ಒಳಗಿರುವುದು ಮಾತ್ರ ಬೇರೆ. ಮನೆಯವರೆಲ್ಲರಿಗೂ ಹಬ್ಬ. ಅತ್ತೆಯಂತೂ ಕರೆದ ಹಾಲನ್ನು ಡೈರಿಗೆ ಕೊಡುವ ಮೊದಲು, "ಇದು ನನ್ ಮೊಮ್ಮಗಳ್ದು," ಅಂತ ಒಂದು ದೊಡ್ಡ ಚೊಂಬು ತೆಗೆದಿಡೋರು. ಡಾಕ್ಟರಮ್ಮ ಅದೇ ದಿನ ಲೋಟದ ಅಭ್ಯಾಸ ಶುರು ಮಾಡಿ ಅಂತಲೂ ಹೇಳಿದ್ದರು. ನಾನು ಅದನ್ನು ಕೇಳಿಸಿಕೊಳ್ಳದವಳ ಹಾಗೆ ಬಂದಿದ್ದೆ.

ಹದಿಮೂರು ತಿಂಗಳಿದ್ದಾಗ ಒಂದು ಶನಿವಾರ ದೇವರಾಯನದುರ್ಗಕ್ಕೆ ಹೋಗಿದ್ದೆವು. ಕೆಳಗೆ ಭೋಗಾನರಸಿಂಹನ ದರ್ಶನ ಮಾಡಿಕೊಂಡು ಮೇಲೆ ಯೋಗಾನರಸಿಂಹನ ಮೆಟ್ಟಿಲು ಹತ್ತುತ್ತಿದ್ದೆವು. ಅಲ್ಲಿನ ಕೋತಿಗಳ ವಿಷಯ ಹೊಸದಾಗಿ ಹೇಳಬೇಕಿಲ್ಲ. ಬಾಳೆಹಣ್ಣನ್ನೆಲ್ಲ ಚೀಲದಲ್ಲಿ ಮುಚ್ಚಿಟ್ಟಿದ್ದೆ. ಪುಟ್ಟಿಯ ಬಾಯಲ್ಲಿದ್ದ ಬಾಟಲಿ ಮರೆತಿದ್ದೆ. ಒಂದು ಕೋತಿ ಗೋಡೆಯಿಂದ ಇಳಿದು ಬಂದು, ಸೌಜನ್ಯವಾಗಿಯೇ ಅನ್ನಬೇಕು, ಅವಳ ಕೈಯಿಂದ ಬಾಟಲಿ ಕಿತ್ತುಕೊಂಡು ಬಂಡೆ ಮೇಲೆ ಕೂತು ಚೀಪತೊಡಗಿತು. ಸುತ್ತ ಇದ್ದವರೆಲ್ಲ ಮೊಬೈಲ್ ತೆಗೆದರು. ಪುಟ್ಟಿ ಊರ್ಡಿಗೆರೆ ಮುಟ್ಟುವ ತನಕ ಕಿರುಚಿದಳು. "ಆಂಜನೇಯನೇ ಬಿಡಿಸಿದಾನೆ, ಇನ್ ಕೊಡ್ಬ್ಯಾಡ," ಅಂದರು ಅಜ್ಜಿ. ನಾನು ಅದೇ ಸಂಜೆ ನಮ್ಮನೆಯವರನ್ನು ಗಾಡಿಯಲ್ಲಿ ತುಮಕೂರಿಗೆ ಓಡಿಸಿ ಎರಡು ಹೊಸ ಬಾಟಲಿ ತರಿಸಿದೆ. ಒಂದು ಹೋದರೆ ಇನ್ನೊಂದು ಇರಲಿ ಅಂತ.

ನಮ್ಮ ಪುಟ್ಟಿ ದುಂಡಗಿದ್ದಳು. ತೂಕ ಚೆನ್ನಾಗಿತ್ತು. ದಿನಕ್ಕೆ ಐದು ಬಾಟಲಿ. ಊಟ ಮಾತ್ರ ಬೇಡ. ರಾಗಿ ಸರಿ ಬಾಯಿಗಿಟ್ಟರೆ ಉಗುಳೋಳು, ಅನ್ನ ಸಾರು ಎರಡು ತುತ್ತಿಗೆ ಮುಖ ತಿರುಗಿಸೋಳು. ಉಗುಳಿದ ತಕ್ಷಣ ನಾವು ಬಾಟಲಿ ಕೊಡುತ್ತಿದ್ದೆವು. ಖಾಲಿ ಹೊಟ್ಟೇಲಿ ಇರಬಾರದಲ್ಲ. ಹಾಲು ಕುಡಿಯೋ ಮಗು ಗಟ್ಟಿ ಅಂತ ನಾವೆಲ್ಲ ನಂಬಿದವರು. ಹಸು ಕಟ್ಟಿದ ಮನೆಯಲ್ಲಿ ಹಾಲು ಹೆಚ್ಚಾಗಿ ಮಗುವಿಗೆ ತೊಂದರೆ ಆಗುತ್ತದೆ ಅಂದರೆ ಯಾರು ನಂಬುತ್ತಾರೆ?

ಹದಿನಾರನೇ ತಿಂಗಳಲ್ಲಿ ಪುಟ್ಟಿ ಗೋಡೆ ಕೆರೆದು ಸುಣ್ಣ ತಿನ್ನಲು ಶುರು ಮಾಡಿದಳು. ಹಿತ್ತಲಿಗೆ ಬಿಟ್ಟರೆ ಮಣ್ಣು. "ಜಂತುಹುಳ," ಅಂದರು ಅತ್ತೆ. ಆಗಾಗ ಸುಮ್ಮಸುಮ್ಮನೆ ಅಳು, ಆಟದ ಮಧ್ಯೆ ಮಲಗಿಬಿಡುವುದು. ಅಂಗನವಾಡಿಯಲ್ಲಿ ತೂಕ ಹಾಕಿಸಲು ಕರೆದುಕೊಂಡು ಹೋದಾಗ ಅಲ್ಲಿನ ಟೀಚರ್ ತೂಕದ ಮುಳ್ಳು ನೋಡಿ ತಲೆದೂಗಿದರು. ಆಮೇಲೆ ಪುಟ್ಟಿಯ ಅಂಗೈ ಬಿಡಿಸಿ ತಮ್ಮ ಅಂಗೈ ಪಕ್ಕ ಇಟ್ಟು ನೋಡಿದರು. ಕೆಳಗಿನ ರೆಪ್ಪೆ ಎಳೆದು ನೋಡಿದರು. "ಮೇಡಂ, ತೂಕ ಇದೆ, ರಕ್ತ ಇಲ್ಲ. ನಾಳೇನೇ ತೋರಿಸಿ," ಅಂದರು.

ಹಿಮೋಗ್ಲೋಬಿನ್ 7.9 ಬಂತು. ಆ ವಯಸ್ಸಿಗೆ ಹತ್ತೂವರೆಯಿಂದ ಹನ್ನೊಂದರ ಮೇಲೆ ಇರಬೇಕು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಹಾಲು ಕುಡೀತಾಳೆ?" ನಾನು ಹೆಮ್ಮೆಯಿಂದ ನೋಟ್‌ಬುಕ್ ತೆಗೆದು ಮುಂದಿಟ್ಟೆ. ಅಷ್ಟು ಅಚ್ಚುಕಟ್ಟಾಗಿ ಬರೆದ ತಾಯಿಯನ್ನು ಅವರು ನೋಡಿರಲಿಕ್ಕಿಲ್ಲ ಅಂದುಕೊಂಡೆ. ಅವರು ಹಿಂದಿನ ದಿನದ ಸಾಲಿಗೆ ಬೆರಳಿಟ್ಟು ಕೂಡಿಸಿದರು. 240, 240, 180, 240, 240. ಒಟ್ಟು 1140.

"ಇದರಲ್ಲಿ ಊಟದ ಕಾಲಂ ಎಲ್ಲಿ?" ಅಂದರು.

ನೋಟ್‌ಬುಕ್ಕಿನಲ್ಲಿ ಊಟಕ್ಕೆ ನಾನು ಗೆರೆಯನ್ನೇ ಎಳೆದಿರಲಿಲ್ಲ.

ಅವರು ಬೈಯಲಿಲ್ಲ. ಚೀಟಿಯ ಹಿಂದೆ ಒಂದು ಪುಟ್ಟ ಹೊಟ್ಟೆಯ ಚಿತ್ರ ಬರೆದು ತೋರಿಸಿದರು. ಒಂದು ಲೀಟರಿಗೂ ಮೇಲೆ ಹಾಲು ತುಂಬಿದರೆ ಈ ಹೊಟ್ಟೆಯಲ್ಲಿ ರಾಗಿಗೆ, ಸೊಪ್ಪಿಗೆ, ಬೇಳೆಗೆ ಜಾಗ ಎಲ್ಲಿದೆ? ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರಲ್ಲಿರುವ ಕ್ಯಾಲ್ಸಿಯಂ, ತಿಂದ ಸ್ವಲ್ಪ ಊಟದ ಕಬ್ಬಿಣವನ್ನೂ ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಕ್ಕಳು ತಾಯಿಯ ಹೊಟ್ಟೆಯಿಂದ ತರುವ ಕಬ್ಬಿಣದ ಗಂಟೇ ಚಿಕ್ಕದು. ಪುಡಿ ಹಾಲಿನಲ್ಲಿ ಕಬ್ಬಿಣ ಸೇರಿಸಿರುತ್ತಾರೆ, ಅದರಿಂದ ವರ್ಷದ ತನಕ ನಡೆಯಿತು. ಪುಡಿ ನಿಲ್ಲಿಸಿದಾಗ ಅದೂ ನಿಂತಿತು. ಮಣ್ಣು, ಸುಣ್ಣ ತಿನ್ನುವ ಚಾಳಿಯೂ ರಕ್ತ ಕಡಿಮೆಯಾದ ಲಕ್ಷಣವೇ ಇರಬಹುದು ಅಂದರು. ಹುಳಕ್ಕೂ ಒಂದು ಔಷಧಿ ಬರೆದರು.

"ಐರನ್ ಡ್ರಾಪ್ಸ್ ಕೊಡ್ತಾ ಇದ್ದೀರಾ? ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದೆ."

ಎಂಟನೇ ತಿಂಗಳಲ್ಲೇ ನಾನು ಅದನ್ನು ನಿಲ್ಲಿಸಿದ್ದೆ. ಕಕ್ಕ ಕಪ್ಪಗೆ ಬರುತ್ತದೆ, ಹಲ್ಲು ಕಪ್ಪಾಗುತ್ತದೆ ಅಂತ ಯಾರೋ ಹೇಳಿದ್ದರು. ಅಷ್ಟೇ ಅಲ್ಲ, ಆಶಾ ಅಕ್ಕ ಮನೆಗೇ ತಂದುಕೊಟ್ಟ ಐರನ್ ಸಿರಪ್ಪಿನ ಬಾಟಲಿ ಸೀಲು ಒಡೆಯದೆ ದೇವರ ಗೂಡಿನ ಪಕ್ಕ ಕೂತಿತ್ತು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಎಂಎಲ್ ಕೊಡಿ ಅಂತ ಸರ್ಕಾರ ಪುಕ್ಕಟೆ ಕೊಡುವ ಸಿರಪ್ಪು ಅದು. ಪುಕ್ಕಟೆ ಬಂದದ್ದಕ್ಕೆ ನನ್ನಲ್ಲಿ ಬೆಲೆ ಇರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದೆ. ಅದನ್ನು ನಾನು ಆಮೇಲೆ ಓದಿದೆ. ಇಂಥದ್ದು ಊಟ ಇಲ್ಲದ ಮನೆಯ ಮಕ್ಕಳಿಗೆ ಬರುವುದು ಅಂತ ತಿಳಿದಿದ್ದೆ. ನನ್ನ ಮಗಳಿಗೆ ಹಾಲು ಹೆಚ್ಚಾಗಿ ಬಂದಿತ್ತು.

ಡಾಕ್ಟರಮ್ಮ ಬರೆದುಕೊಟ್ಟದ್ದು ಮೂರೇ ಸಾಲು. ಐರನ್ ಔಷಧಿ ತಪ್ಪದೆ. ದಿನಕ್ಕೆ ಹಾಲು 400ರಿಂದ 500 ಎಂಎಲ್, ಅದಕ್ಕಿಂತ ಹೆಚ್ಚಿಲ್ಲ, ಊಟ ಆದ ಮೇಲೆಯೇ. ಬಾಟಲಿ ಬಂದ್. "ಬಾಟಲಿ ಇರೋ ತನಕ ಹಾಲು ಕಡಿಮೆ ಆಗಲ್ಲ. ಲೋಟದಲ್ಲಿ ಯಾವ ಮಗುವೂ ಒಂದು ಲೀಟರ್ ಕುಡಿಯಲ್ಲ," ಅಂದರು. ಹಲ್ಲು ಬಂದ ಮೇಲೆ ರಾತ್ರಿ ಬಾಟಲಿ ಚೀಪುತ್ತಾ ಮಲಗಿದರೆ ಮುಂದಿನ ಹಲ್ಲುಗಳು ಹುಳುಕಾಗುತ್ತವೆ ಅಂತಲೂ ಹೇಳಿದರು. ಬಾಟಲಿಯ ಬದಲು ಕೊಳವೆ ಮೂತಿಯ ಸಿಪ್ಪರ್ ಕೊಳ್ಳಲೇ ಅಂತ ಕೇಳಿದೆ. "ಅದೂ ಒಂದು ಬಾಟಲೀನೇ. ಮನೇಲಿ ಪುಟ್ಟ ಲೋಟ ಇಲ್ವಾ?" ಅಂದರು.

ಪುಟ್ಟ ಲೋಟ ಇತ್ತು. ನಾಮಕರಣಕ್ಕೆ ಬಂದ ಬೆಳ್ಳಿ ಲೋಟ ಬೀರುವಿನಲ್ಲಿ ಮಲಗಿತ್ತು. ಅಜ್ಜಿ ಅದನ್ನು ನೋಡಿ, "ಅದು ಬ್ಯಾಡ, ಬಿದ್ರೆ ಸೊಟ್ಟಗಾಯ್ತದೆ, ನೀನು ಬೈತೀಯ, ಮಗ ಹೆದರ್ಕತದೆ," ಅಂತ ಹೇಳಿ ಅಡುಗೆಮನೆಯಿಂದ ಸ್ಟೀಲಿನ ಕಾಫಿ ಲೋಟಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಆರಿಸಿ ತಂದರು. ಒಳಲೆ ತರಲೇ ಅಂತ ನಾನೇ ಕೇಳಿದೆ. ಅವರು ನಕ್ಕರು. "ಒಳಲೆ ಕುಡ್ಸೋಕೆ. ಇವ್ಳು ಈಗ ತಾನೇ ಕುಡೀಬೇಕು."

ಅವರು ಹೇಳಿಕೊಟ್ಟ ಕ್ರಮ ಹೀಗಿತ್ತು. ಮೊದಲು ಹಾಲಲ್ಲ, ನೀರು. ಅದೂ ಎರಡು ಗುಟುಕು ಮಾತ್ರ. ಒಳಗಲ್ಲ, ಜಗಲಿ ಮೇಲೆ, ಚೆಲ್ಲಿದರೂ ಯಾರೂ ಹಾ ಅನ್ನದ ಕಡೆ. ಮಗುವನ್ನು ನೆಟ್ಟಗೆ ಕೂರಿಸಿ, ಲೋಟದ ಅಂಚು ಕೆಳತುಟಿಗೆ ತಾಗಿಸಿ, ನೀರು ತುಟಿಗೆ ಮುಟ್ಟುವಷ್ಟೇ ಬಗ್ಗಿಸುವುದು, ಬಾಯೊಳಗೆ ಸುರಿಯುವುದಲ್ಲ. ಅವಳೇ ಎಳೆದುಕೊಳ್ಳುವ ತನಕ ಕಾಯುವುದು. ನಾವು ಕಾಫಿ ಕುಡಿಯುವಾಗ ಅವಳನ್ನೂ ಪಕ್ಕ ಕೂರಿಸಿಕೊಂಡು ಅವಳ ಲೋಟ ಅವಳಿಗೆ ಕೊಡುವುದು. ಆದರೆ ಅಜ್ಜಿಗೂ ಒಂದು ಕಟ್ಟಳೆ ಹಾಕಬೇಕಾಯಿತು. ಟೀಯಲ್ಲಿ ಬಿಸ್ಕತ್ ಅದ್ದಿ ಪುಟ್ಟಿಗೆ ಕೊಡುವ ಅಭ್ಯಾಸ ಅವರದ್ದು. ಟೀ ಕೂಡ ಕಬ್ಬಿಣ ಸೇರದ ಹಾಗೆ ಮಾಡುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು. ಅಜ್ಜಿ ಎರಡು ದಿನ ಮುನಿಸಿಕೊಂಡು ಆಮೇಲೆ ಬಿಟ್ಟರು.

ನಾನು ಒಂದು ವಾರ ರಜೆ ಹಾಕಿದೆ. ಮೊದಲು ಮಧ್ಯಾಹ್ನದ ಬಾಟಲಿ ತೆಗೆದೆವು, ನಾಲ್ಕು ದಿನ ಬಿಟ್ಟು ಸಂಜೆಯದು. ಹಗಲು ಹೇಗೋ ನಡೆಯಿತು. ಹಸುವಿಗೆ ಹುಲ್ಲು ಹಾಕುವುದು, ಕೋಳಿ ಅಟ್ಟುವುದು, ನಲ್ಲಿ ನೀರಲ್ಲಿ ಲೋಟ ತುಂಬಿ ಚೆಲ್ಲುವುದು, ಇವುಗಳಲ್ಲಿ ಬಾಟಲಿ ಮರೆತುಹೋಗುತ್ತಿತ್ತು. ಕಷ್ಟ ಆದದ್ದು ರಾತ್ರಿಯದು.

ಮೊದಲ ರಾತ್ರಿ ಹನ್ನೊಂದಕ್ಕೆ ಎದ್ದು ಅತ್ತವಳು ಒಂದೂವರೆಯಾದರೂ ನಿಲ್ಲಿಸಲಿಲ್ಲ. ಲೋಟ ತೋರಿಸಿದರೆ ಕೈಯಿಂದ ಬಡಿದು ಬೀಳಿಸಿದಳು. ಅತ್ತೆ ಕೋಣೆಯಿಂದ ಎದ್ದು ಬಂದರು. ಎಂದೂ ನನಗೆ ಎದುರು ಮಾತಾಡದವರು ಅವತ್ತು, "ಕೊಟ್ಟಿಗೇಲಿ ಎಲ್ಡ್ ಹಸ ಕಟ್ಕಂಡು ಮಗಿಗೆ ಹಾಲ್ ಕೊಡ್ದೆ ಅಳಿಸ್ತಿದೀಯಲ್ಲವ್ವ, ಪಾಪ ಸುತ್ಕಳ್ಳಲ್ವ?" ಅಂದರು. ಅವರ ಕಣ್ಣಲ್ಲೂ ನೀರಿತ್ತು. ನಾನು ಉತ್ತರ ಕೊಡಲಿಲ್ಲ. ಅಟ್ಟದ ಮೇಲೆ ಇಟ್ಟಿದ್ದ ಬಾಟಲಿ ಇಳಿಸಿ, ತೊಳೆದು, ಹಾಲು ಹಾಕಿ ಕೊಟ್ಟೆ. ಪುಟ್ಟಿ ಕಣ್ಣು ಮುಚ್ಚಿಕೊಂಡು ಕುಡಿದು ಮಲಗಿದಳು. ಕತ್ತಲಲ್ಲಿ ನಾನು ಮೊಬೈಲ್ ಬೆಳಕು ಹಾಕಿ ಗೆರೆ ನೋಡಿದೆ. 210.

ಆ ಕ್ಷಣಕ್ಕೆ ನನಗೆ ಆದ ಸಮಾಧಾನ ಇದೆಯಲ್ಲ, ಅದು ಮಗಳಿಗೆ ಆದದ್ದಕ್ಕಿಂತ ದೊಡ್ಡದಿತ್ತು. ಬಾಟಲಿ ಬಿಡಲಾರದವಳು ಅವಳೊಬ್ಬಳೇ ಅಲ್ಲ ಅಂತ ಆಗ ಹೊಳೆಯಿತು. ಎನ್‌ಐಸಿಯುನ ಗಾಜಿನ ಆಚೆ ನಿಂತ ದಿನದಿಂದ ನನ್ನ ಮಗು ಬದುಕುತ್ತದೆಯೋ ಇಲ್ಲವೋ ಅನ್ನುವ ಪ್ರಶ್ನೆಗೆ ನಾನು ಎಂಎಲ್‌ನಲ್ಲಿ ಉತ್ತರ ಬರೆದುಕೊಳ್ಳುತ್ತಾ ಬಂದಿದ್ದೆ. ಆಫೀಸಿನಲ್ಲಿ ಕೂತಾಗಲೂ ಬಾಟಲಿಯ ಗೆರೆ ನೆನೆದರೆ ಸಮಾಧಾನ ಆಗುತ್ತಿತ್ತು. ಆ ಲೆಕ್ಕ ಚೆನ್ನಾಗಿಯೇ ಇತ್ತು. ಮಗುವಿನ ಅಂಗೈ ಬಿಳಿಚಿಕೊಂಡದ್ದು ಮಾತ್ರ ಅದರಲ್ಲಿ ಕಾಣಲಿಲ್ಲ.

ಬೆಳಿಗ್ಗೆ ಅತ್ತೆಯನ್ನು ಕೂರಿಸಿಕೊಂಡು ರಕ್ತದ ರಿಪೋರ್ಟು ತೋರಿಸಿದೆ. ಓದಲು ಬರದಿದ್ದರೂ ತೋರಿಸಿದೆ. ಪುಟ್ಟಿಯ ಅಂಗೈ, ಅವರ ಅಂಗೈ, ನನ್ನ ಅಂಗೈ ಮೂರನ್ನೂ ಸಾಲಾಗಿ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. "ಆ ಬಾಟ್ಲಿ ನನ್ ಕೈಗೆ ಕೊಡು," ಅಂದರು. ಎಲ್ಲಿಟ್ಟರೋ ಇವತ್ತಿಗೂ ಹೇಳಿಲ್ಲ.

ಎರಡನೇ ರಾತ್ರಿಯಿಂದ ಕೆಲಸ ಹಂಚಿಕೊಂಡೆವು. ಮಲಗುವ ಮೊದಲು ಹೊಟ್ಟೆ ತುಂಬ ಊಟ, ಲೋಟದಲ್ಲಿ ಎಷ್ಟು ಕುಡಿದರೆ ಅಷ್ಟು ಹಾಲು, ಹಲ್ಲು ಒರೆಸುವುದು. ಎದ್ದರೆ ಲೋಟದಲ್ಲಿ ನೀರು. ಅತ್ತರೆ ನಮ್ಮನೆಯವರು ಎತ್ತಿಕೊಂಡು ಅಂಗಳದಲ್ಲಿ ಓಡಾಡೋರು. ನಾನು ಎತ್ತಿಕೊಂಡರೆ ಅವಳಿಗೆ ಬಾಟಲಿ ನೆನಪಾಗುತ್ತಿತ್ತು. ಮೂರನೇ ರಾತ್ರಿ ಕರೆಂಟ್ ಹೋಗಿತ್ತು. ಅಪ್ಪ ಮಗಳು ಕೊಟ್ಟಿಗೆಯಲ್ಲಿ ಟಾರ್ಚ್ ಹಿಡಿದು ಹಸು ಮೆಲುಕು ಹಾಕುವುದನ್ನು ನೋಡುತ್ತಾ ಕೂತಿದ್ದರು. ಐದನೇ ರಾತ್ರಿ ಒಂದೇ ಸಲ ಎದ್ದಳು. ಒಂಬತ್ತನೇ ರಾತ್ರಿ ಏಳಲಿಲ್ಲ. ನಾನು ಮಾತ್ರ ಎರಡು ಸಲ ಎದ್ದು ಉಸಿರಾಡುತ್ತಿದ್ದಾಳಾ ಅಂತ ನೋಡಿದೆ.

ಆದರೆ ಹಾಲು? ಲೋಟದಲ್ಲಿ ಎರಡು ಗುಟುಕಿಗಿಂತ ಹೆಚ್ಚು ಕುಡಿಯುತ್ತಲೇ ಇರಲಿಲ್ಲ. ಎರಡು ವಾರ ಹಾಗೇ. ಮೊದಲು ಅತಿಯಾಯಿತು, ಈಗ ಏನೂ ಇಲ್ಲ ಅಂತ ಹೆದರಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಮೊಸರು ತಿಂತಾಳಾ? ಮೊಸರೂ ಹಾಲೇ. ರಾಗಿಯಲ್ಲೂ ಕ್ಯಾಲ್ಸಿಯಂ ಇದೆ. ಅವಸರ ಬೇಡ," ಅಂದರು.

ಊಟದ ವಿಷಯದಲ್ಲಿ ಆದದ್ದು ಬೇರೆ. ಬಾಟಲಿ ನಿಂತ ಒಂದು ವಾರಕ್ಕೆ ಪುಟ್ಟಿಗೆ ಹಸಿವು ಅನ್ನುವುದು ಗೊತ್ತಾಯಿತು. ಉಗುಳುತ್ತಿದ್ದ ರಾಗಿ ಸರಿಗೆ ಬಾಯಿ ತೆರೆದಳು. ಅತ್ತೆ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದರು. ಮೊಳಕೆ ಬಂದ ರಾಗಿಯಲ್ಲಿ ಕಬ್ಬಿಣ ಮೈಗೆ ಸುಲಭವಾಗಿ ಸೇರುತ್ತದಂತೆ. ನಮ್ಮ ಕಡೆ ಬಾಣಂತಿ, ಮಕ್ಕಳಿಗೆ ಮೊದಲಿಂದಲೂ ಮಾಡುತ್ತಿದ್ದದ್ದೇ ಅದು. ಸೊಪ್ಪಿನ ಬಸ್ಸಾರಿಗೆ ನಿಂಬೆಹುಳಿ ಹಿಂಡಿ, ಮುದ್ದೆಯನ್ನು ಚೆನ್ನಾಗಿ ಕಿವುಚಿ, ತುಪ್ಪ ಹಾಕಿ ಕೊಟ್ಟರೆ ಅಜ್ಜಿಯ ಜೊತೆ ಕೂತು ತಿನ್ನತೊಡಗಿದಳು. ನಾಟಿ ಕೋಳಿ ಮೊಟ್ಟೆ ದಿನಕ್ಕೊಂದು. ಹಾಲನ್ನು ಊಟದ ಜೊತೆ ಕೊಡದೆ, ನಡುವೆ ಬಿಡುವು ಇಟ್ಟು ಕೊಟ್ಟೆವು.

ಲೋಟದ ಹಾಲು ಅವಳಿಗೆ ರುಚಿಸಿದ್ದು ಮನೆಯಲ್ಲಲ್ಲ, ಅಂಗನವಾಡಿಯಲ್ಲಿ. ಒಂದು ಬೆಳಿಗ್ಗೆ ತೂಕಕ್ಕೆ ಕರೆದುಕೊಂಡು ಹೋದಾಗ ಮಕ್ಕಳೆಲ್ಲ ಸಾಲಾಗಿ ಚಾಪೆ ಮೇಲೆ ಕೂತು ಕ್ಷೀರಭಾಗ್ಯದ ಹಾಲು ಕುಡಿಯುತ್ತಿದ್ದವು. 2013ರಲ್ಲಿ ಶುರುವಾದ ಯೋಜನೆ. ನಂದಿನಿಯ ಹಾಲಿನ ಪುಡಿ ಕಲಸಿ, ಕಾಯಿಸಿ, ಒಬ್ಬೊಬ್ಬರಿಗೆ ನೂರೈವತ್ತು ಎಂಎಲ್. ನಮ್ಮೂರಿನ ಡೈರಿಗೆ ನಾವೇ ಹಾಕುವಂಥ ಹಾಲು ಎಲ್ಲೆಲ್ಲೋ ಸುತ್ತಿ, ಪುಡಿಯಾಗಿ, ನಮ್ಮೂರ ಮಕ್ಕಳ ಲೋಟಕ್ಕೇ ಬರುತ್ತದೆ ಅಂತ ನಗು ಬಂತು. ಪುಡಿ ಹಾಲಿನ ಬಗ್ಗೆ ನನಗಿದ್ದ ಹಳೇ ನಾಚಿಕೆಯೂ ಅಲ್ಲೇ ಸ್ವಲ್ಪ ಕರಗಿತು. ಅದು ಆಗ ನನ್ನ ಮಗಳನ್ನು ಉಳಿಸಿದ್ದು. ಅದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ.

ಪುಟ್ಟಿ ನನ್ನ ಕೈ ಬಿಡಿಸಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ಕೂತಳು. ಟೀಚರ್ ನಗುತ್ತಾ ಒಂದು ಲೋಟದ ತಳದಲ್ಲಿ ಸ್ವಲ್ಪ ಹಾಕಿಕೊಟ್ಟರು. ಪಕ್ಕದ ಹುಡುಗ ಎರಡೂ ಕೈಯಲ್ಲಿ ಲೋಟ ಹಿಡಿದು ಎತ್ತಿದ, ಇವಳೂ ಎತ್ತಿದಳು. ಅವನು ಕುಡಿದು "ಹಾ" ಅಂದ, ಇವಳೂ "ಹಾ" ಅಂದಳು. ಮೂಗಿನ ತುದಿಗೆ ನೊರೆ. ಖಾಲಿ ಲೋಟ ಟೀಚರ್ ಕಡೆ ಚಾಚಿದಳು.

ಒಂದು ತಿಂಗಳಿಗೆ ಹಿಮೋಗ್ಲೋಬಿನ್ 9.4, ಮೂರು ತಿಂಗಳಿಗೆ 11.2. ಗೋಡೆ ಕೆರೆಯುವುದು ಅದಕ್ಕೂ ಮೊದಲೇ ನಿಂತಿತ್ತು. ಸರಿಹೋದ ಮೇಲೂ ಕೆಲವು ತಿಂಗಳು ಐರನ್ ನಿಲ್ಲಿಸಬೇಡಿ, ಮೈಯಲ್ಲಿ ಗಂಟು ತುಂಬಬೇಕು ಅಂದಿದ್ದಕ್ಕೆ ಈ ಸಲ ನಿಲ್ಲಿಸಲಿಲ್ಲ. ಕಕ್ಕ ಕಪ್ಪಗೇ ಬಂತು, ಬರಲಿ ಅಂದುಕೊಂಡೆ.

ನಿಮ್ಮ ಮನೆಯಲ್ಲೂ ಬಾಟಲಿ ಬಿಡದ ಮಗು ಇದ್ದರೆ ನನ್ನ ಹಾಗೆ ಒಂದೂವರೆ ವರ್ಷದ ತನಕ ಕಾಯಬೇಡಿ. ಆರು ತಿಂಗಳಿಗೆ ಊಟ ಶುರು ಮಾಡುವಾಗಲೇ ಲೋಟದಲ್ಲಿ ಎರಡು ಗುಟುಕು ನೀರು ಕೊಟ್ಟು ನೋಡಿ. ವರ್ಷ ತುಂಬಿದ ಮೇಲೆ ಹಾಲು ಕೊಡಿ, ಆದರೆ ಹಾಲನ್ನೇ ಊಟ ಮಾಡಬೇಡಿ. ಆಶಾ ಅಕ್ಕ ತಂದುಕೊಟ್ಟ ಸಿರಪ್ಪನ್ನು ಇವತ್ತೇ ಹುಡುಕಿ ತೆಗೆಯಿರಿ. ಮಗು ತಿಂಗಳು ತುಂಬದೆ ಹುಟ್ಟಿದ್ದರೆ, ಮಣ್ಣು ತಿನ್ನುತ್ತಿದ್ದರೆ, ತೂಕ ಚೆನ್ನಾಗಿದೆ ಅಂತ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಪುಡಿ ಹಾಲು ಕೊಟ್ಟ ತಾಯಿ ಯಾರಾದರೂ ಎದುರಿಗೆ ಸಿಕ್ಕರೆ, ಯಾಕೆ ಕೊಟ್ಟೆ ಅಂತ ಕೇಳುವ ಮೊದಲು ಅವಳು ರಾತ್ರಿ ನಿದ್ದೆ ಮಾಡಿದಳಾ ಅಂತ ಕೇಳಿ.

ಈಗ ಪುಟ್ಟಿಗೆ ಎರಡು ವರ್ಷ ದಾಟಿದೆ. ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಲೋಟ ಹಿಡಿದು ಓಡಿ ಬಂದು ಕಾಲು ತಬ್ಬಿಕೊಳ್ಳುತ್ತಾಳೆ. ಅರ್ಧ ಹಾಲು ನನ್ನ ಸೀರೆ ನೆರಿಗೆಗೆ. ಒರೆಸಿಕೊಂಡು ಬಸ್ಸು ಹತ್ತುತ್ತೇನೆ, ತುಮಕೂರಿನ ತನಕ ಹಾಲಿನ ವಾಸನೆ ಇರುತ್ತದೆ. ಆ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ನಮ್ಮನೆಯವರು ಡೈರಿಯ ಲೆಕ್ಕ ಬರೆಯುತ್ತಿದ್ದಾರೆ. ಇವತ್ತು ಬೆಳಿಗ್ಗೆ ಅವಳು ಎಷ್ಟು ಕುಡಿದಳೋ ಗೊತ್ತಿಲ್ಲ. ಸಂಜೆ ಬಂದಾಗ ಅತ್ತೆಯನ್ನು ಕೇಳುವುದು ಒಂದೇ ಮಾತು, "ಊಟ ಮಾಡಿದಳಾ ಅತ್ತೆ?"

"ಮಾಡವ್ಳೆ ಕಣವ್ವ, ನೀನು ಮೊದ್ಲು ಕೈ ಕಾಲ್ ತೊಳ್ಕೊ," ಅನ್ನುತ್ತಾರೆ.